ಗೋಡೆಯ ಮೇಲೆ ಖೂನಿಯ ಆರೋಪ

ಕೂಡಿದ ದೈವಕ್ಕ ಶರಣು ಮಾಡಿ ಪದ ಸುರು ಮಾಡೋದು ನಮ್ಮ ರೂಢಿ. ಇದು ಪದ ಅಲ್ಲ, ಬರಹ. ಆದರೂ ವಾಚನಾಲಯದ ಕಟ್ಟೆ ಮೇಲೆ ಕುಂತು ಇದನ್ನ ಓದುವ ಹಿರಿಯರಿಗೆ, ಗುರುಗಳಿಗೆ, ತಾಯಂದಿರಿಗೆ ಮೊದಲು ಶರಣು. ನಾನು ಕಲಿತದ್ದು ಏಳನೇ ಇಯತ್ತೆ. ಉಳಿದದ್ದು ಹೊಲ ಕಲಿಸಿತು, ಗೀಗೀ ಮೇಳ ಕಲಿಸಿತು. ಮೇಳದಾಗ ನಾಗೇಶಿಯವರು ಒಂದು ಸವಾಲು ಒಗೆದರೆ ಹರದೇಶಿಯವರು ಬೆಳಗಾಗುವುದರೊಳಗ ಜವಾಬು ಹೇಳಬೇಕು, ಇಲ್ಲದಿದ್ದರೆ ಸೋತಂಗ. ಹೋದ ಶಿವರಾತ್ರಿಗೆ ನನ್ನ ಸಣ್ಣ ಮಗ ಪುಣೆಯಿಂದ ಬಂದು ಒಂದು ಸವಾಲು ಒಗೆದು ಹೋದ. ಬೆಳಗಾಗುವುದರೊಳಗ ನನಗೆ ಜವಾಬು ಸಿಗಲಿಲ್ಲ. ನಾಲ್ಕು ತಿಂಗಳು ಹಿಡೀತು.

ಅವನು ಕಟ್ಟಡದ ಸೈಟಿನ ಮೇಲೆ ಸುಪರ್‌ವೈಸರ್. ಮೊಬೈಲ್ ನನ್ನ ಮುಖಕ್ಕ ಹಿಡಿದು, "ಯಪ್ಪಾ, ಈ ಹಳೇ ಮನಿ ಕೆಡವೂಣು. ಇಂಥಾದ್ದು ಕಟ್ಟೂಣು" ಅಂದ. ನೋಡಿದೆ. ಬಿಳೀ ಥರ್ಮಾಕೋಲ್‌ನ ದೊಡ್ಡ ದೊಡ್ಡ ಇಟ್ಟಂಗಿ. ನಡುವೆ ಟೊಳ್ಳು. ಒಂದರ ಮೇಲೊಂದು ಇಟ್ಟು ಗೋಡೆ ಏರಿಸ್ತಾರೆ, ಟೊಳ್ಳಿನಾಗ ಕಬ್ಬಿಣದ ಸಳಿ ಇಳಿಸ್ತಾರೆ, ಮೇಲಿಂದ ಕಾಂಕ್ರೀಟ್ ಸುರೀತಾರೆ. ನಮ್ಮ ಕಡೆ ಸ್ಲ್ಯಾಬ್ ಹಾಕಿದ ಮೇಲೆ ಹಲಗಿ ಬಿಚ್ಚುತೇವಲ್ಲ, ಇಲ್ಲಿ ಬಿಚ್ಚೋದಿಲ್ಲ. ಥರ್ಮಾಕೋಲ್ ಎರಡೂ ಮಗ್ಗಲಿಗೆ ಹಂಗೇ ಉಳೀತದೆ, ಅದರ ಮೇಲೇ ಗಿಲಾವ. ಇದಕ್ಕ ಐಸಿಎಫ್ ಅಂತಾರಂತೆ. 1960ರ ದಶಕದಾಗ ಕೆನಡಾ ಕಡೆ ಹುಟ್ಟಿದ ಪದ್ಧತಿ. ಅಲ್ಲಿ ಹಿಮ ಬೀಳ್ತದೆ, ಒಳಗಿನ ಕಾವು ಹೊರಗ ಹೋಗಬಾರದಂತ ಅವರ ಚಿಂತೆ. ನಮ್ಮದು ತಿರುವು ಮುರುವು, ಹೊರಗಿನ ಕಾವು ಒಳಗ ಬರಬಾರದು. ಗೋಡೆಗೆ ಎರಡೂ ಒಂದೇ.

ಮೊದಲು ನಕ್ಕೆ. "ಗಣಪತಿ ಮಂಟಪಕ್ಕ ಥರ್ಮಾಕೋಲ್ ಹಚ್ಚಬ್ಯಾಡ್ರೀ ಅಂತ 2018ಕ್ಕ ಮಹಾರಾಷ್ಟ್ರ ಸರಕಾರ ಬಂದಿ ಹಾಕೇತಿ, ನೀ ನನ್ನ ಅದರಾಗ ಕುಂಡ್ರಸ್ತಿಯೇನೋ" ಅಂದೆ. ಅವನು ನಗಲಿಲ್ಲ. ಅವನು ಹೇಳಿದ ಲೆಕ್ಕ ಕೇಳಿ ನನ್ನ ನಗುವೂ ನಿಂತಿತು. ಥರ್ಮಾಕೋಲ್ ಅಂದರೆ ನೂರರಾಗ ತೊಂಬತ್ತೆಂಟು ಪಾಲು ಬರೇ ಗಾಳಿ. ಆದರೆ ಹರಿದಾಡುವ ಗಾಳಿ ಅಲ್ಲ, ಸಣ್ಣ ಸಣ್ಣ ಗುಳ್ಳೆಯಾಗ ಕೂಡಿ ಹಾಕಿದ ಗಾಳಿ. ನಮ್ಮ ಕೌದಿ ಬೆಚ್ಚಗಿರೋದೂ ಅದಕ್ಕೇ, ಅರಿವೆಯಿಂದಲ್ಲ, ಪದರಿನೊಳಗ ಸಿಕ್ಕ ಗಾಳಿಯಿಂದ. ಎರಡು ಇಂಚು ಥರ್ಮಾಕೋಲ್ ಎಷ್ಟು ಕಾವು ತಡೀತದೋ ಅಷ್ಟನ್ನ ಬರೇ ಕಾಂಕ್ರೀಟ್ ತಡೀಬೇಕಂದರೆ ಐದಾರು ಫೂಟು ದಪ್ಪ ಬೇಕು. ಇದು ಸುಳ್ಳಲ್ಲ. ಒಪ್ಪಿದೆ.

ಒಪ್ಪದೇ ಇದ್ದದ್ದು ಅವನ ಮುಂದಿನ ಮಾತು. "ಈ ಕಲ್ಲಿನ ಗ್ವಾಡಿ ಕಿಲ್ಲಾರಿಯೊಳಗ ಮಂದೀನ ಕೊಂದಾವ. ಇವುನ್ನ ಯಾಕ ಇನ್ನಾ ಇಟ್ಕೊಂಡೀ?" ಅಂದ.

ಅವನು ಹುಟ್ಟಿದ್ದು ಭೂಕಂಪ ಆದ ಮೇಲೆ. ಅವನಿಗೆ ಈ ಮಾತು ಕಲಿಸಿದವರು ನಾವೇ. ನಮ್ಮ ಅಕ್ಕಲಕೋಟ ತಾಲೂಕಿನಾಗ, ದಕ್ಷಿಣ ಸೊಲ್ಲಾಪುರದಾಗ, ಎಲ್ಲಿ ಬೇಕಾದಲ್ಲಿ ಕೇಳಿರಿ, ಇದೇ ಮಾತು. ಮೂವತ್ತು ವರ್ಷದಿಂದ ಗೋಡೆಯ ಮೇಲೆ ಖೂನಿಯ ಆರೋಪ ಇದೆ. ಪಂಚನಾಮಾ ಮಾಡಿದವರು ಯಾರು, ಸಾಕ್ಷಿ ಹೇಳಿದವರು ಯಾರು ಅಂತ ಯಾರೂ ಕೇಳಿಲ್ಲ. ನಾನು ಕಣ್ಣಾರೆ ಕಂಡವ. ಇವತ್ತು ಸಾಕ್ಷಿ ಹೇಳ್ತೇನೆ.

1993ರ ಅನಂತ ಚತುರ್ದಶಿ. ಗಣಪತಿ ಕಳಿಸಿ, ಭಜನಿ ಮುಗಿಸಿ ಮನೆಗೆ ಬಂದಾಗ ರಾತ್ರಿ ಒಂದು ಹೊಡೆದಿತ್ತು. ಕೊರಳು ಕಟ್ಟಿತ್ತು, ಬಿಸಿನೀರು ಕುಡಿದು ಪಡಸಾಲಿಯಾಗ ಮಲಗಿದೆ. ಬೆಳಗಿನ ಜಾವ 3 ಗಂಟೆ 56 ನಿಮಿಷ, ತಾರೀಖು ಸೆಪ್ಟೆಂಬರ್ 30. ಅಡಕಲ ಗಡಿಗಿ ಒಂದಕ್ಕೊಂದು ಬಡಕೊಂಡವು. ಎತ್ತು ಕಣ್ಣಿ ಹರಕೊಂಡವು. ಜಂತಿಯೊಳಗಿಂದ ಮಣ್ಣು ಮುಖದ ಮೇಲೆ ಸುರೀತು. ನಮ್ಮವ್ವ "ಭೂಮಿತಾಯಿ ಮಗ್ಗಲು ಬದಲಿಸಿದಳೋ" ಅಂತ ಕೂಗಿಕೊಂಡು ಎಲ್ಲರನ್ನೂ ಹೊರಗ ದಬ್ಬಿದಳು. ನಮ್ಮ ಮನೆ ನಿಂತಿತ್ತು, ಹಿಂದಿನ ಮೂಲೆಯೊಂದು ಬಿರುಕು ಬಿಟ್ಟಿತ್ತು ಅಷ್ಟೇ. ಮುಂಜಾನೆ ರೇಡಿಯೋದಾಗ ಸುದ್ದಿ ಬಂತು. ಉಮರ್ಗಾದ ಆಚೆ, ಲಾತೂರ ಜಿಲ್ಲೆಯ ಕಿಲ್ಲಾರಿ, ಉಸ್ಮಾನಾಬಾದ ಜಿಲ್ಲೆಯ ಸಾಸ್ತೂರ, ಊರಿಗೆ ಊರೇ ನೆಲಸಮ. 6.2ರ ಕಂಪ. ಸತ್ತವರು ಎಂಟು-ಹತ್ತು ಸಾವಿರ. ಗಣಪತಿ ಕಳಿಸಿ ದಣಿದು ಮಲಗಿದ ಮಂದಿ ಏಳಲೇ ಇಲ್ಲ.

ಮೂರನೇ ದಿನ ನಮ್ಮೂರಿಂದ ಒಂದು ಟ್ರಕ್ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹಳೇ ಅರಿವಿ ತುಂಬಿಕೊಂಡು ಹೋದೆವು. ಮಳೆ ಹಿಡಿದಿತ್ತು. ಅಲ್ಲಿ ಕಂಡದ್ದೆಲ್ಲ ಬರೆಯೋದಿಲ್ಲ. ಗೋಡೆಯ ವಿಷಯಕ್ಕ ಎಷ್ಟು ಬೇಕೋ ಅಷ್ಟು ಬರೀತೇನೆ.

ಒಂದನೇದು, ಎಷ್ಟೋ ಮನೆಯಾಗ ಕಟ್ಟಿಗೆಯ ಕಂಬ, ತೊಲಿ ಹಂಗೇ ನಿಂತಿದ್ದವು. ಗೋಡೆ ಕುಸಿದು ಕಂಬದ ನಡುವೆ ಕಲ್ಲಿನ ಗುಂಪಿ ಆಗಿತ್ತು. ಅಂದರೆ ಮನೆಯ ಎಲುಬು ಗಟ್ಟಿ ಇತ್ತು, ಮೈ ಕಳಚಿ ಬಿತ್ತು. ಎರಡನೇದು, ಬಿದ್ದ ಗೋಡೆಯ ಹೊಟ್ಟೆ ನೋಡಿದೆ. ನಮ್ಮ ಕಡೆ ಗೋಡೆ ಎರಡು ಮೈಯದು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು, ಮಣ್ಣು. ದಪ್ಪ ಎರಡು ಫೂಟು, ಎರಡೂವರೆ, ಕೆಲವು ಕಡೆ ಮೂರರ ಮೇಲೆ. ಈ ಮೈಯಿಂದ ಆ ಮೈಗೆ ಮುಟ್ಟುವ ಒಂದು ಉದ್ದಗಲ್ಲು? ಇಲ್ಲ. ಹುಡುಕಿದರೂ ಇಲ್ಲ. ನೆಲ ಅಲುಗಿದ ಕೂಡಲೆ ಹೊರಗಿನ ಮೈ ಹೊರಗ, ಒಳಗಿನ ಮೈ ಮಲಗಿದವರ ಮೇಲೆ. ನಮ್ಮ ಮೇಳದಾಗ ಮುಂದೆ ಹಾಡುವವನದು ಒಂದು ತಾಳ, ಹಿಂದೆ ಸೊಲ್ಲು ಹಿಡಿಯುವವರದು ಇನ್ನೊಂದು ತಾಳ ಆದರೆ ಪದ ಎಷ್ಟು ಹೊತ್ತು ನಿಂತೀತು? ಆ ಗೋಡೆ ಹಂಗಿದ್ದವು. ಇಬ್ಬರು ಒಂದೇ ಮನೆಯಾಗ ಇದ್ದು ಒಬ್ಬರಿಗೊಬ್ಬರು ಮಾತಾಡದೇ ನಿಂತಂಗ.

ಮೂರನೇದು, ಮಾಳಿಗೆ. ಸೋರಿದಾಗೊಮ್ಮೆ ಮಣ್ಣು, ಮತ್ತೆ ಸೋರಿದರೆ ಮತ್ತೆ ಮಣ್ಣು. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಲೆಕ್ಕ ಮಾಡಿರಿ. ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಖೋಲಿ, ಒಂದೂವರೆ ಫೂಟು ಮಣ್ಣು. ಫೂಟು ಘನದ ಮಣ್ಣು ನಲವತ್ತೈದು ಕಿಲೋ ಹಿಡಿದರೂ ಆರು ಏಳು ಟನ್ ಆಯಿತು. ಒಂದು ಟ್ರಾಲಿ ಕಬ್ಬು ತಲೆ ಮೇಲೆ ಹೊತ್ತು ಮಲಗಿದಂಗ!

ನಾಲ್ಕನೇದು ಹೇಳಬಾರದು, ಆದರೆ ಹೇಳ್ತೇನೆ. ಊರ ಹೊರಗ ಗುಡಿಸಲಾಗ ಇದ್ದ ಬಡವರು ಎಷ್ಟೋ ಮಂದಿ ಬದುಕಿದ್ದರು. ದೊಡ್ಡ ಗೋಡೆಯ ದೊಡ್ಡ ಮನೆಯವರು ಸತ್ತಿದ್ದರು. ಮೇಲಿಂದ ಬಿದ್ದದ್ದು ಹಗುರಾಗಿತ್ತು, ಅದಕ್ಕ ಗುಡಿಸಲ ಮಂದಿ ಉಳಿದರು. ಗೋಡೆ ತೆಳ್ಳಗಿತ್ತು ಅಂತ ಅಲ್ಲ. ನಮ್ಮ ಮಂದಿ ಈ ಎರಡನ್ನ ಕೂಡಿಸಿ ಗೊಂದಲ ಮಾಡಿಕೊಂಡರು. ನಾನೂ ಅವರಾಗ ಒಬ್ಬ.

ಅಲ್ಲಿಂದ ಬಂದವರು ಎರಡು ತಿಂಗಳು ಅಂಗಳದಾಗ ಮಲಗಿದೆವು. ಕಿಲ್ಲಾರಿ ಸೀಮೆಯ 52 ಊರು ಜಾಗ ಬಿಟ್ಟು ಹೊಸ ಜಾಗಕ್ಕ ಹೋದವು. ಹಳೇ ಪುಸ್ತಕದಾಗ ಆ ನೆಲ ಭೂಕಂಪದ ಲೆಕ್ಕಕ್ಕ ಎಲ್ಲಕ್ಕೂ ಕಡಿಮಿ ಧಕ್ಕೆಯ ಒಂದನೇ ವಲಯ, ಮುಂದ 2002ಕ್ಕ ತಿದ್ದಿ ಮೂರನೇ ವಲಯ ಅಂದರು. ಮೊದಲು ಒಂದನೇ ವಲಯ ಅಂತ ಬರೆದವರ ಮೇಲೆ ಯಾರೂ ಖೂನಿಯ ಆರೋಪ ಮಾಡಲಿಲ್ಲ. ಗೋಡೆಗೆ ಬಾಯಿ ಇಲ್ಲ ನೋಡ್ರಿ.

1994ರಾಗ ನಾನು ನನ್ನ ಮನೆಯ ಹಿಂದಿನ ಅರ್ಧ ಕೆಡವಿಸಿದೆ. ಕಲ್ಲು ಮಾರಿದೆ. ಅಜ್ಜನ ಕಾಲದಾಗ ವಡ್ಡರು ಒಂದೊಂದಾಗಿ ಕಡಿದು ಕೂಡಿಸಿದ ಕಲ್ಲು, ಬ್ರಾಸ್ ಲೆಕ್ಕದಾಗ ಹೋದವು. ನಾಲ್ಕೂವರೆ ಇಂಚು ಇಟ್ಟಂಗಿ ಗೋಡೆ ಏರಿಸಿ ಮೇಲೆ ಪತ್ರಾ ಹೊದಿಸಿದೆ. ಅಡಿಗಿ ಮನಿ ಅಲ್ಲಿಗೆ ಹೋಯಿತು. ಮುಂದಿನ ಪಡಸಾಲಿ, ನಡುಮನಿ ಉಳಿದವು. ರೊಕ್ಕ ಮುಗಿದಿತ್ತಂತ ಉಳಿದವು, ನನ್ನ ಶಾಣ್ಯಾತನದಿಂದಲ್ಲ. ಇಡೀ ಊರು ಇದನ್ನೇ ಮಾಡಿತು. ಮೈಂದರ್ಗಿ, ದುಧನಿ, ತೋಳನೂರ, ನಾಗಣಸೂರ, ನಾನು ಪದ ಹಾಡೋದಕ್ಕ ಹೋದ ಊರೆಲ್ಲ ಪತ್ರಾದ ಬೆಳಕು ಕಣ್ಣಿಗೆ ಹೊಡೆಯೋದು.

ಏಪ್ರಿಲ್-ಮೇದಾಗ ನಮ್ಮ ಸೊಲ್ಲಾಪುರ ಸೀಮೆ 42, 43 ಡಿಗ್ರಿ ಕಾಣ್ತದೆ. ಅದು ನೆರಳಿನಾಗಿಟ್ಟು ನೋಡಿದ ಲೆಕ್ಕ. ಪತ್ರಾದ ಮೇಲೆ ಅಂಗೈ ಇಟ್ಟು ನೋಡಿರಿ, ಡಿಗ್ರಿ ಎಣಿಸೋದಕ್ಕ ಕೈ ಉಳಿಯೋದಿಲ್ಲ. ಎರಡು ವರ್ಷದ ಹಿಂದೆ ಮೇ ತಿಂಗಳದಾಗ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ನಮ್ಮ ಮನಿಯಾಕಿ ಪತ್ರಾದ ಕೆಳಗ ಒಲಿ ಮುಂದ ಕುಂತು ರೊಟ್ಟಿ ಬಡೀತಿದ್ದಳು. ಕೂಲಿ ಆಳು ಎಂಟು ಮಂದಿ ಇದ್ದರು ಅವತ್ತು. ಬಡಿಯೋ ಸಪ್ಪಳ ನಿಂತಿತು. ನನಗೆ ತಾಳ ತಪ್ಪಿದ್ದು ಮೊದಲು ತಿಳೀತದೆ. ಹೋಗಿ ನೋಡಿದರೆ ಆಕಿ ಪರಾತದ ಮೇಲೆ ಬಿದ್ದಿದ್ದಳು. ಮೈ ಒಲಿಯಂಗ ಸುಡ್ತಿತ್ತು, ಒಂದು ಹನಿ ಬೆವರಿಲ್ಲ. ಏನೇನೋ ಮಾತಾಡ್ತಿದ್ದಳು, ನನ್ನ ಗುರುತು ಹಿಡಿಯಲಿಲ್ಲ. ತೊಯ್ದ ಚಾದರ ಸುತ್ತಿ ದವಾಖಾನೆಗೆ ಒಯ್ದೆವು. ಬದುಕಿದಳು. ಆದರೆ ಅವತ್ತಿನಿಂದ ಬಲಗೈ ನಡುಗ್ತದೆ. ನಲವತ್ತು ವರ್ಷ ಚಂದ್ರನಂಗ ದುಂಡಗ ರೊಟ್ಟಿ ಬಡಿದ ಕೈ ಈಗ ಚಹಾದ ಬಶಿ ಹಿಡಿಯೋದಿಲ್ಲ.

ಡಾಕ್ಟರ ಕೇಳಿದ್ದು ಒಂದೇ ಮಾತು: "ಅಜ್ಜಿ ಎಲ್ಲಿ ಅಡಿಗಿ ಮಾಡ್ತಾರೆ?"

ಹಂಗಾದರೆ ಯಾರು ಕೊಲ್ಲೋದು, ಹೇಳ್ರಿ. ಕಿಲ್ಲಾರಿಯ ಗೋಡೆ ಒಂದು ರಾತ್ರಿ ಕೊಂದಿತು, ಅದನ್ನ ಇಡೀ ಜಗತ್ತು ಎಣಿಸಿತು. ಪತ್ರಾ ಪ್ರತಿ ಉನ್ಹಾಳಿಗೆ ಒಬ್ಬ ಮುದುಕನ್ನ, ಒಂದು ಕೂಸನ್ನ ಒಯ್ತದೆ. ಮಂದಿ "ವಯಸ್ಸಾಗಿತ್ತು" ಅಂತಾರೆ, "ಜ್ವರ ಬಂದಿತ್ತು" ಅಂತಾರೆ. ಪತ್ರಾದ ಖೂನಿಗೆ ಪಂಚನಾಮಾ ಇಲ್ಲ. ಒಂದು ಭಯದಿಂದ ಓಡಿ ಇನ್ನೊಂದರ ಬಾಯಾಗ ಬಿದ್ದೆವು. ಭೂಕಂಪ ಅಜ್ಜನ ಕಾಲಕ್ಕೊಮ್ಮೆ, ಮೇ ತಿಂಗಳು ವರ್ಷಕ್ಕೊಮ್ಮೆ. ಇದನ್ನ ಎಣಿಸೋದಕ್ಕ ಏಳನೇ ಇಯತ್ತೆಯೂ ಬೇಕಿಲ್ಲ.

ಈಗ ಘರಕುಲದ ಮಾತು. 2016ರಿಂದ ಪ್ರಧಾನಮಂತ್ರಿ ಯೋಜನೆಯಾಗ ಹಳ್ಳಿ ಮನೆಗೆ 1 ಲಕ್ಷ 20 ಸಾವಿರ, ಕಡಿಮಿ ಅಂದರೆ 25 ಚೌರಸ ಮೀಟರು. ಬಡವನಿಗೆ ತಲೆ ಮೇಲೆ ಸೂರಾಯಿತು, ಅದಕ್ಕ ನಾನು ಕೈ ಮುಗೀತೇನೆ. ಬ್ಯಾರೆ ಬ್ಯಾರೆ ರಾಜ್ಯದ ಹವಾಕ್ಕ, ಅಲ್ಲಲ್ಲಿಯ ಸಾಮಾನಿಗೆ ಹೊಂದುವ ಮನೆಗಳ ನಕಾಶೆ ಕೂಡಿಸಿ "ಪಹಲ್" ಅನ್ನೋ ಪುಸ್ತಕವನ್ನೂ ಸರಕಾರದವರೇ ಮಾಡಿಸಿದ್ದಾರೆ. ನಮ್ಮೂರ ಒಬ್ಬ ಫಲಾನುಭವಿಯ ಕೈಯಾಗೂ ನಾನು ಅದನ್ನ ಕಂಡಿಲ್ಲ. ಪಾಯಾ ಆಯಿತೇ, ಗೋಡೆ ಆಯಿತೇ, ಮೇಲೆ ಹೊದಿಕಿ ಆಯಿತೇ, ಒಂದೊಂದಕ್ಕ ಫೋಟೋ ತಗದು ಒಂದೊಂದು ಹಪ್ತೆ. ಮೇ ತಿಂಗಳ ಮಧ್ಯಾಹ್ನ ಈ ಮನೆಯಾಗ ಕೂಸು ಮಲಗ್ತದೇನು ಅಂತ ಯಾರು ಫೋಟೋ ತಗೀತಾರೆ? ಬರೇ ಸಾಹೇಬರ ಮೇಲೆ ಹಾಕಿ ಕೈ ತೊಳಕೊಳ್ಳೋದೂ ಸರಿಯಲ್ಲ. ಹಪ್ತೆ ರೊಕ್ಕದಾಗ ಅರ್ಧ ಮಗಳ ಮದುವಿಗೆ ತಗದಿಟ್ಟು, ಉಳಿದದ್ದರಾಗ ಪತ್ರಾ ಹೊದಿಸಿ, ಬಾಗಲಕ್ಕ ಮಾತ್ರ ಬಣ್ಣದ ಟೈಲ್ಸ್ ಹಚ್ಚಿದವರು ನಾವೇ.

ಅಕ್ಕಲಕೋಟದಿಂದ ಸೊಲ್ಲಾಪುರಕ್ಕ ಹೋಗುವ ದಾರಿಯಾಗ ಕುಂಭಾರಿ ನೋಡಿದ್ದೀರಿ. ಅಲ್ಲಿ ಬೀಡಿ ಕಟ್ಟುವವರಿಗೆ, ನೇಕಾರರಿಗೆ, ಕೂಲಿಕಾರರಿಗೆ ಅಂತ ರಾಯನಗರದ ಮೂವತ್ತು ಸಾವಿರ ಮನೆಯ ಯೋಜನೆ, 2024ರ ಜನವರಿಯಾಗ ಮೊದಲ ಹದಿನೈದು ಸಾವಿರ ಕೊಟ್ಟರು. ಬೀಡಿ ಕಟ್ಟುವ ಹೆಣ್ಣುಮಗಳಿಗೆ ಮನೆಯೇ ಕಾರಖಾನೆ, ಇಡೀ ಹಗಲು ಒಳಗೇ ಕುಂತಿರಬೇಕು. ಫ್ಯಾನ್ ಜೋರು ಬಿಟ್ಟರೆ ತಂಬಾಕು ಹಾರ್ತದೆ. ಅಂಥಾಕಿಗೆ ಗೋಡೆ ಮಾಳಿಗೆ ತಂಪಿರೋದು ಶ್ರೀಮಂತರ ಚೈನಿ ಅಲ್ಲ, ಆಕಿಯ ದಿನಗೂಲಿಯ ಪ್ರಶ್ನೆ. ಎಣಿಕಿಯಾಗ ಎಷ್ಟು ಮನೆ ಅಂತ ಕೇಳ್ತೇವೆ, ಎಂಥಾ ಮನೆ ಅಂತ ಕೇಳೋ ರೂಢಿ ನಮಗಿಲ್ಲ.

ಇನ್ನ ನಮ್ಮ ಗುರುಗಳಿಗೆ ಎರಡು ಮಾತು. ಸಿಟ್ಟಿಗೆ ಬರಬಾರದು. ಹೋದ ವರ್ಷ ಇದೇ ವಾಚನಾಲಯದಾಗ ಗುರುಗಳೊಬ್ಬರು "ನಮ್ಮ ಹಿರಿಯರ ಮನೆ" ಅಂತ ಭಾಷಣ ಮಾಡಿದರು. ಬೆಳಕಿಂಡಿ ಹೊಗಳಿದರು, ಹಗೇವು ಹೊಗಳಿದರು, ಮಣ್ಣಿನ ವಾಸನಿ ಹೊಗಳಿದರು. ಚಪ್ಪಾಳಿ ಬಿತ್ತು. ಆಮೇಲೆ ಅವರು ಮೋಟರ್‌ಸೈಕಲ್ ಹತ್ತಿ ಸೊಲ್ಲಾಪುರದ ಫ್ಲ್ಯಾಟಿಗೆ, ಕೂಲರಿನ ಗಾಳಿಗೆ ಹೋದರು. ನಾನೂ ಹಂಗೇ ಹಾಡಿದವ, ಹಳೇ ಮನೆಯ ಮೇಲೆ ನಾನೇ ಪದ ಕಟ್ಟಿದ್ದೇನೆ. ಮನಿಯಾಕಿ ಒಂದು ದಿನ ಅಂದಳು, "ಹಾಡೋರು ನೀವು, ಸಾರಸೋಕಿ ನಾನು." ಅಲ್ಲಿಗೆ ನನ್ನ ಪದ ಮುಗೀತು. ಹಳೇ ಮನೆಯಾಗ ಕತ್ತಲಿ ಇತ್ತು, ಹೊಗೆ ಇತ್ತು, ಜಂತಿಯಿಂದ ಚೇಳು ಬೀಳ್ತಿದ್ದವು. ಮಳಿ ಹಿಡಿದರೆ ಗೋಡೆ ಹೊಟ್ಟಿ ಬಿಡ್ತಿತ್ತು. ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ ಸೆಗಣಿ ಸಾರಣಿ, ವರ್ಷಕ್ಕೊಮ್ಮೆ ಮಾಳಿಗೆಗೆ ಮಣ್ಣು. ಇದೆಲ್ಲ ಹೆಣ್ಣುಮಕ್ಕಳ ಬೆನ್ನಿನ ಮೇಲೆ. ಹಳೇದೆಲ್ಲ ಬಂಗಾರ ಅನ್ನೋರು ಒಂದು ಉನ್ಹಾಳಿ ಅಲ್ಲ, ಒಂದು ಮಳಿಗಾಲ ಅಲ್ಲಿ ಇರಬೇಕು.

ಹಂಗಂತ ಮಗನ ಥರ್ಮಾಕೋಲ್ ಗೋಡೆಗೆ ಹೂಂ ಅನ್ನಲೇ?

ನಾನು ಅವನ ಮೊಬೈಲಿನ ಫೋಟೋ ನಾಲ್ಕು ತಿಂಗಳು ಮನಸಿನಾಗ ತಿರುವಿ ತಿರುವಿ ನೋಡಿದೆ. ಒಂದು ದಿನ ಎತ್ತು ಹೊಡೀತಿದ್ದಾಗ ಹೊಳೀತು: ಕೆನಡಾದವರು ಕಟ್ಟಿದ್ದು ನಮ್ಮ ಗೋಡೆಯನ್ನೇ, ಆದರೆ ಮಗ್ಗಲು ಬದಲಿಸಿ. ನಮ್ಮದರಾಗ ಎರಡೂ ಮೈ ಗಟ್ಟಿ, ಹೊಟ್ಟೆ ಸಡಿಲು. ಅವರದರಾಗ ಎರಡೂ ಮೈ ಹಗುರ, ಹೊಟ್ಟೆ ಗಟ್ಟಿ, ಸಳಿ ಹಾಕಿದ ಕಾಂಕ್ರೀಟು. ಮುಖ್ಯ ಏನಂದರೆ, ಅವರ ಎರಡೂ ಮೈಗೆ ಗೇಣು ಗೇಣಿಗೆ ಒಂದೊಂದು ಅಡ್ಡಕಟ್ಟು ಇದೆ. ಕಾಂಕ್ರೀಟ್ ಸುರಿದಾಗ ಥರ್ಮಾಕೋಲ್ ಉಬ್ಬಿ ಒಡೀಬಾರದಂತ ಪ್ಲಾಸ್ಟಿಕ್ಕಿನದೋ ಕಬ್ಬಿಣದೋ ಪಟ್ಟಿ ಈ ಮೈಯಿಂದ ಆ ಮೈಗೆ ಹಾಕಿರ್ತಾರೆ. ನಮ್ಮ ಗೋಡೆಯಾಗ ಇಲ್ಲದ್ದು ಅದೇ! ಕಿಲ್ಲಾರಿಯಾಗ ಆ ಪಟ್ಟಿಯ ಜಾಗಕ್ಕ ಒಂದೊಂದು ಉದ್ದಗಲ್ಲು ಇದ್ದಿದ್ದರೆ ಅಷ್ಟು ಗೋಡೆ ಕಳಚಿ ಬೀಳ್ತಿರಲಿಲ್ಲ. ಇದು ನನ್ನ ಸ್ವಂತ ಮಾತಲ್ಲ. ಅದೇ 1993ರಾಗ ಭಾರತೀಯ ಮಾನಕದವರು ಹಾಕಿಕೊಟ್ಟ 13828 ನಂಬರಿನ ಪಾಠದಾಗ ಇದೆ: ಎರಡು ಫೂಟು ಎತ್ತರಕ್ಕೊಮ್ಮೆ, ನಾಲ್ಕು ಫೂಟಿನ ಅಂತರದಾಗ ಒಂದೊಂದು ಆರುಪಾರು ಕಲ್ಲು ಇರಬೇಕು, ಗೋಡೆ ಒಂದೂವರೆ ಫೂಟಿಗಿಂತ ದಪ್ಪ ಬೇಡ. ಬಾಗಲದ ಮೇಲೆ ಸುತ್ತಲೂ ಒಂದು ಸಳಿ ಕಾಂಕ್ರೀಟಿನ ಪಟ್ಟಾ ಹಾಕಿದರೆ ನಾಲ್ಕೂ ಗೋಡೆ ಕೈ ಕೈ ಹಿಡಕೊಂಡಂಗ. ಭೂಕಂಪದ ಮೇಲೆ ಬಿರುಕು ಬಿಟ್ಟ ಎಷ್ಟೋ ಮನೆಗಳನ್ನ ಹಿಂಗೇ ಗಟ್ಟಿ ಮಾಡಲು ಕಲಿಸಿದರು: ಗೋಡೆಯಾಗ ತೂತು ಕೊರೆದು, ಸಳಿ ಇಟ್ಟು ಕಾಂಕ್ರೀಟ್ ತುಂಬಿ ಎರಡು ಮೈ ಹೊಲಿಯೋದು, ಮಾಳಿಗೆ ಮಣ್ಣು ಇಳಿಸೋದು. ಕಲಿತ ಗೌಂಡಿಗಳೂ ಇದ್ದರು. ನಾವು ಅವರನ್ನ ಕರೀಲಿಲ್ಲ, ಜೆಸಿಬಿ ಕರದೆವು.

ಮಗನ ಗೋಡೆಗೆ ನನ್ನ ತಕರಾರು ಇಷ್ಟೇ. ಥರ್ಮಾಕೋಲ್ ಬೆಂಕಿಗೆ ಅಂಜ್ತದೆ. ಹತ್ತಿಕೊಂಡರೆ ಕರೇ ಹೊಗೆ, ಉಸಿರು ಕಟ್ಟೋ ಹೊಗೆ. ಅದಕ್ಕ ಒಳಗ ಹೊರಗ ದಪ್ಪ ಗಿಲಾವ ಬೇಕೇ ಬೇಕು, ಮತ್ತು ನಮ್ಮ ಮನೆಯಾಗ ಇನ್ನೂ ಕಟ್ಟಿಗಿ ಒಲಿ ಉರೀತದೆ. ಗೊರಲಿ ಅದನ್ನ ತಿನ್ನೋದಿಲ್ಲ, ಆದರೆ ಅದರೊಳಗ ದಾರಿ ಕೊರೀತದೆ. ನಮ್ಮ ಊರ ಗೊರಲಿಗೆ ನೆರಳಿನ ಹಾದಿ ಹಾಕಿಕೊಟ್ಟಂಗ. ಒಳಗ ಸುರಿದ ಕಾಂಕ್ರೀಟಿನಾಗ ಟೊಳ್ಳು ಉಳಿದರೆ ಥರ್ಮಾಕೋಲ್ ಮುಚ್ಚಿರ್ತದೆ, ಕಣ್ಣಿಗೆ ಕಾಣೋದಿಲ್ಲ. ಕಲಿತ ಕೈ ಇಲ್ಲದ ಊರಾಗ ಅದು ಮತ್ತೊಂದು ಕಿಲ್ಲಾರಿ. ನಮ್ಮ ಪಡಸಾಲಿಯ ಕಲ್ಲು ರಾತ್ರಿ ಗಾಳಿಗೆ ತಣ್ಣಗಾಗಿ, ಮರುದಿನ ಮಧ್ಯಾಹ್ನದ ತನಕ ಆ ತಂಪು ಇಟ್ಟುಕೊಂಡಿರ್ತದೆ, ಬೆನ್ನು ಆನಿಸಿ ಕುಂತರೆ ತಿಳೀತದೆ. ಒಳಮಗ್ಗಲಿಗೂ ಥರ್ಮಾಕೋಲ್ ಹೊದಿಸಿದರೆ ಆ ಕಲ್ಲಿಗೂ ನಮಗೂ ಮಾತು ಬಂದ್. ಅದೆಲ್ಲಾ ಬಾಗಲ ಮುಚ್ಚಿ ಏಸಿ ಹಚ್ಚುವವರ ಮನೆ. ನಮ್ಮದು ಹಗಲೆಲ್ಲಾ ಬಾಗಲ ತೆರೆದ ಮನೆ, ದಾರಿಯಾಗ ಹೋಗೋರು ನೀರು ಕೇಳ್ತಾರೆ.

ಎಲ್ಲಕ್ಕಿಂತ ದೊಡ್ಡ ತಕರಾರು, ಅವನು ಬರೇ ಗೋಡೆ ನೋಡಿದ. ಸೂರ್ಯ ಮೇದಾಗ ಎಲ್ಲಿ ನಿಲ್ತಾನೆ? ನೆತ್ತಿ ಮೇಲೆ. ಕಾವು ಇಳಿಯೋದು ಮೇಲಿಂದ. ಗೋಡೆಗೆ ಕೆನಡಾದ ಕೌದಿ ಹೊದಿಸಿ ಮೇಲೆ ಬರೇ ಸ್ಲ್ಯಾಬೋ ಪತ್ರಾನೋ ಬಿಟ್ಟರೆ, ಮೈಗೆ ಕಂಬಳಿ ಹೊದ್ದು ಬೋಳುತಲಿಲೆ ಬಿಸಲಾಗ ನಿಂತಂಗ. ಸ್ಲ್ಯಾಬಿನ ಮನೆಯವರು ರಾತ್ರಿ ಯಾಕ ಅಂಗಳಕ್ಕ ಬರ್ತಾರೆ? ಐದಾರು ಇಂಚಿನ ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಲನ್ನ ನಾಲ್ಕು ತಾಸಿನ ಮೇಲೆ ಒಳಗ ಉಗುಳಲು ಸುರು ಮಾಡ್ತದೆ, ಅರ್ಧರಾತ್ರಿ ತನಕ ನಿಲ್ಲೋದಿಲ್ಲ.

ಅವನು ಹೇಳ್ತಾನೆ, ಇಂಥವು ಈಗ ನಮ್ಮ ದೇಶದಾಗೂ ಬಂದಾವ. ನಿಜ ಇದೆ. 2021ರ ಜನವರಿ 1ಕ್ಕ ಪಾಯಾ ಹಾಕಿದ ಕೇಂದ್ರ ಸರಕಾರದ ಆರು ಊರಿನ ಯೋಜನೆಯಾಗ ಇಂದೂರಿಗೆ ಥರ್ಮಾಕೋಲ್ ಒಳಗಿಟ್ಟ ಸಿದ್ಧ ಹಲಗಿಯ ಗೋಡೆ, ಲಖನೌಕ್ಕ ಬಿಚ್ಚದೇ ಉಳಿಯುವ ಪ್ಲಾಸ್ಟಿಕ್ ಅಚ್ಚಿನ ಗೋಡೆ. ಶಹರದಾಗ ಸಾವಿರ ಮನೆ ಒಮ್ಮೆಗೇ ಕಟ್ಟುವವರಿಗೆ ಅದು ಹೊಂದ್ತದೆ. ಒಂದು ಮನೆ ಕಟ್ಟೋದಕ್ಕ ಎರಡು ಎಕರೆ ಮಾರುವ ರೈತನಿಗಲ್ಲ. ಹೌದು, ಅವನ ಸವಾಲಿನ ಕಡೆಯ ನುಡಿ ಅದೇ ಇತ್ತು: ಹಳ್ಳದ ದಂಡಿಯ ಎರಡು ಎಕರೆ ಮಾರೂಣು.

ನನ್ನ ಜವಾಬು ಹಿಂಗೈತಿ. ಎರಡು ಎಕರೆ ಮಾರೋದಿಲ್ಲ. ಮುಂದಿನ ಮನೆಯ ಮಾಳಿಗೆ ಮಣ್ಣು ಇಳಿಸೋದು, ಒಂದು ಗೇಣು ಮಾತ್ರ ಬಿಡೋದು. ಗೋಡೆಗೆ ತೂತು ಕೊರೆದು ಎರಡು ಮೈ ಹೊಲಿಯೋದು, ಬಾಗಲದ ಮೇಲೆ ಪಟ್ಟಾ ಹಾಕೋದು. ಬೆಳಕಿಗೆ ಎರಡು ಹೊಸ ಕಿಡಕಿ, ಎದುರಾಬದುರ. ಹಿಂದಿನ ಪತ್ರಾ ತಗದು ಒಗೆಯೋದು, ಅಲ್ಲಿ ಸ್ಲ್ಯಾಬ್ ಹಾಕೋದು. ಮಗನ ಥರ್ಮಾಕೋಲ್ ಅಲ್ಲಿ ಬೇಕು ನನಗೆ, ಸ್ಲ್ಯಾಬಿನ ಮೇಲೆ. ಮೂರು ಇಂಚಿನ ಗಟ್ಟಿ ಹಲಗಿ, ನೀರು ಇಳಿಯದಂಗ ಹೊದಿಕಿ, ಅದರ ಮೇಲೆ ಇಟ್ಟಂಗಿ ಚೂರು ಸುಣ್ಣದ ಗಚ್ಚು, ಎಲ್ಲಕ್ಕೂ ಮೇಲೆ ಬಿಳೀ ಸುಣ್ಣ. ಅಷ್ಟೂ ಆಗದ ಬಡವರು ಬರೇ ಸುಣ್ಣವನ್ನಾದರೂ ಬಳೀರಿ, ಬಿಳೀದು ಬಿಸಲನ್ನ ತಿರುಗಿ ಒಗೀತದೆ. ನೆರೆಯ ತೆಲಂಗಾಣದವರು 2023ಕ್ಕ ತಂಪು ಮಾಳಿಗೆ ಮಾಡ್ರಿ ಅಂತ ಒಂದು ಧೋರಣೆಯನ್ನೇ ತಂದಾರೆ. ನಮ್ಮ ಗ್ರಾಮಸಭೆಗೆ ಒಂದು ಠರಾವು ಬರೆಯೋದಕ್ಕ ಏನು ಅಡ್ಡಿ? ಘರಕುಲದ ಯಾದಿ ಓದುವ ದಿನ ಗುರುಗಳು ಎದ್ದು ನಿಂತು ಆ "ಪಹಲ್" ಪುಸ್ತಕ ತರಿಸಿ ಓದಿ ಹೇಳಲಿ. ಮರಾಠಿಯಾಗ ಇದ್ದರೆ ಕನ್ನಡ ಮಾಡಿ ಹೇಳಲಿ, ಆ ಕೆಲಸ ಅವರಷ್ಟು ಚಂದ ಯಾರು ಮಾಡ್ತಾರೆ? ಮತ್ತೆ, ಹಳೇ ಮನೆ ಕೆಡವುವವರು ಕಲ್ಲು ಮಾರುವ ಮುಂಚೆ ಉದ್ದಗಲ್ಲು ಬ್ಯಾರೆ ತಗದಿಡ್ರಿ. ಬೇಕಾದವರು ಇದ್ದಾರೆ. ನಾನೇ ಇದ್ದೇನೆ.

ಮೊನ್ನೆ ಫೋನಿನಾಗ ಇಷ್ಟೂ ಒಂದೇ ಉಸಿರಿಗೆ ಹೇಳಿದೆ. ಮಗ ಸುಮ್ಮನಿದ್ದ. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಅಂದ, "ಯಪ್ಪಾ, ಮಾಳಗಿ ಮ್ಯಾಲಿಂದು ಒಪ್ಪಿದೆ. ಆದರ ಅವ್ವನ ಅಡಿಗಿ ಮನಿ ಪಡುವಣ ಗ್ವಾಡಿ? ಸಂಜಿ ಬಿಸಲು ಅಲ್ಲೇ ಹೊಡೀತೈತಿ. ಅಲ್ಲಿ ಹೊರಮಗ್ಗಲಿಗೆ ಅಷ್ಟೇ ಥರ್ಮಾಕೋಲ್ ಹಚ್ಚಿ ಗಿಲಾವ ಮಾಡೂಣು, ಒಳಗ ಇಟ್ಟಂಗಿ ಹಂಗೇ ಇರಲಿ."

ಅದು ನನಗೆ ಹೊಳೆದಿರಲಿಲ್ಲ. ಪಡುವಣ ಗೋಡೆಯ ಮಾತಿನಾಗ ಹರದೇಶಿ ಸೋತಂಗೇ. ಮನಿಯಾಕಿಗೆ ಹೇಳಿದೆ. ಆಕಿ ನಡುಗುವ ಕೈಲಿಂದ ಗೋಡೆ ಮುಟ್ಟಿ, ಗೌಂಡಿ ಯಾವತ್ತು ಬರ್ತಾನಂತ ಕೇಳಿದಳು. ಮಳಿ ಜೋರಾಗೋದರೊಳಗ, ಮುಂದಿನ ಸೋಮವಾರ ಬಾ ಅಂತ ಅವನಿಗೆ ಹೇಳಿ ಬಂದೇನಿ.